ಬಾಬಾ ಖಾನನ ಹೆಸರು ಸಿಕ್ಕ ಸಂಜೆ

ನಾನು ಪರ್ಶಿಯನ್ ಲಿಪಿ ಕಲಿತದ್ದು ಟಿಪ್ಪುವಿನ ಆನೆ ಕಾಸುಗಳನ್ನು ಓದುವ ಆಸೆಯಿಂದ. ಆ ಕಲಿಕೆಯನ್ನು ನಂಬಿ ಮಿತ್ರರೊಬ್ಬರು ತಮ್ಮ ಮನೆಯ ಹಳೆಯ ಚಿನ್ನದ ನಾಣ್ಯ ತಂದುಕೊಟ್ಟರು. ಯಾವಾಗಲೋ ಸರಕ್ಕೆ ಪೋಣಿಸಿದ್ದಿರಬೇಕು, ಅಂಚಿನಲ್ಲಿ ಕೊಂಡಿ ಬೆಸೆದ ಗುರುತಿತ್ತು. ಹುಣಸೆಹಣ್ಣಿನಲ್ಲಿ ಉಜ್ಜಿ ಕೊಡಲೇ ಎಂದರು. ದಯವಿಟ್ಟು ಬೇಡ ಎಂದೆ.

ಇಸವಿ ಬೇಗ ಸಿಕ್ಕಿತು: ಹಿಜರಿ 1212. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಇಲ್ಲಿ ಹಾಗಿಲ್ಲ. ಆ ವರ್ಷ ಶುರುವಾದದ್ದು 1797ರ ಜೂನ್ ಕೊನೆಗೆ. ಹಾಗಾದರೆ ಆಗಿನ ಇರಾನಿನ ದೊರೆ ಫತಹ್ ಅಲಿ ಶಾನದೇ ಎಂದುಕೊಂಡು ಎರಡು ಸಂಜೆ ಆ ಹೆಸರನ್ನೇ ಹುಡುಕಿದೆ. 'ಅಲಿ'ಯ ಐನ್ ಅಕ್ಷರ ಎಲ್ಲೂ ಇರಲಿಲ್ಲ. ಹೆಸರನ್ನು ಮೊದಲೇ ನಿಶ್ಚಯಿಸಿಕೊಂಡು ಅಕ್ಷರ ಹುಡುಕಿದ್ದೇ ನನ್ನ ತಪ್ಪು.

ಮೂರನೆಯ ಸಂಜೆ ಟಾರ್ಚನ್ನು ಮೇಜಿಗೆ ತಾಗುವಂತೆ ಮಲಗಿಸಿ, ನಾಣ್ಯವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಫೋಟೋ ತೆಗೆದೆ. ದೊಡ್ಡದಾಗಿ ಮುದ್ರಿಸಿ, ಬಟರ್ ಪೇಪರ್ ಇಟ್ಟು ಕಂಡ ಗೆರೆಗಳನ್ನಷ್ಟೇ ಬರೆದುಕೊಂಡೆ. ನೆಟ್ಟಗೆ ನಿಂತ ಮೂರು ಅಲಿಫ್, ಅಂದರೆ 'ಆ' ಸ್ವರದ ಕಡ್ಡಿಗಳು. ಮೊದಲೆರಡರ ಬುಡದಲ್ಲಿ ಒಂದೊಂದು ಚುಕ್ಕೆ, ಅದು 'ಬ'ದ ಗುರುತು. ಮೂರನೆಯದರ ಹಿಂದೆ, ತಲೆಯ ಮೇಲೆ ಚುಕ್ಕೆ ಹೊತ್ತ ಖೆ, ಅಂದರೆ 'ಖ'. ಬಾಬಾ ಖಾನ್! ಮೈ ಜುಮ್ಮೆಂದಿತು.

ಇರಾನನ್ನು ಆಳುತ್ತಿದ್ದ ಝಂದ್ ವಂಶದ ಕೊನೆಯ ದೊರೆ ಲೊತ್ಫ್ ಅಲಿ ಖಾನನನ್ನು ಮುಗಿಸಿ 1796ರಲ್ಲಿ ಕಿರೀಟ ಧರಿಸಿದ ಆಗಾ ಮೊಹಮ್ಮದ್ ಖಾನ್ ಕಜಾರ್, ಮರುವರ್ಷ ಜೂನ್‌ನಲ್ಲಿ ಶೂಷಾದಲ್ಲಿ ತನ್ನ ಸೇವಕರಿಂದಲೇ ಕೊಲೆಯಾದ. ಅವನಿಗೆ ಮಕ್ಕಳಿರಲಿಲ್ಲ. ಶಿರಾಜಿನಲ್ಲಿದ್ದ ಸೋದರನ ಮಗ ಬಾಬಾ ಖಾನ್ ತೆಹರಾನಿಗೆ ಧಾವಿಸಿದ. 1798ರ ಮಾರ್ಚ್‌ನಲ್ಲಿ, ಇರಾನಿನ ಹೊಸವರ್ಷದ ನೌರೂಜ್ ಹಬ್ಬದಂದು ಪಟ್ಟವೇರಿ ಫತಹ್ ಅಲಿ ಶಾ ಆದ. ಹೀಗೆ 1212ರ ಒಂದೇ ವರ್ಷದಲ್ಲಿ ಒಬ್ಬನದೇ ಎರಡು ಹೆಸರು. ಹಳೆಯ ಹೆಸರಿನ ನಾಣ್ಯಗಳು ಪಟ್ಟಾಭಿಷೇಕಕ್ಕೆ ಮುಂಚಿನ ಕೆಲವೇ ತಿಂಗಳವು, ಅದಕ್ಕೇ ಅಪರೂಪ.

ಟಂಕಸಾಲೆಯ ಹೆಸರಿನ ಮೊದಲಿಗೆ 'ದಾರುಸ್ಸಲ್ತನತ್' ಎಂಬ ಬಿರುದಿತ್ತು, ಅಂದರೆ ರಾಜ್ಯಾಡಳಿತದ ಬೀಡು. ತೆಹರಾನೋ, ಇಸ್ಫಹಾನೋ? ಎರಡಕ್ಕೂ ಈ ಬಿರುದಿತ್ತು, ಎರಡೂ ಮುಗಿಯುವುದು ನೂನ್ ('ನ') ಅಕ್ಷರದಲ್ಲೇ. ತೆಹರಾನಿಗಾದರೆ ಆಗಿನ ಬರಹದಲ್ಲಿ 'ತ'ಕ್ಕೆ ಬಳಸುತ್ತಿದ್ದ ತೋಯ್ ಅಕ್ಷರದ ಎತ್ತರದ ಕಡ್ಡಿ ಬೇಕು. ಇಲ್ಲಿದ್ದದ್ದು 'ಸ' ಧ್ವನಿಯ ಸ್ವಾದ್ ಅಕ್ಷರದ ಚಪ್ಪಟೆ ಕುಣಿಕೆ. ಇಸ್ಫಹಾನ್.

ಕೊನೆಗೆ ಚಿನ್ನದ ಪರೀಕ್ಷೆ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ತಳ ತಾಗದಂತೆ ಮುಳುಗಿಸಿದೆ. ತೋರಿಸಿದ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ 18.5 ಬಂತು. ಅಪ್ಪಟ ಚಿನ್ನಕ್ಕೆ 19.3 ಬರಬೇಕು, ಆದರೆ ನನ್ನ ಅಳತೆಯಲ್ಲಿ ಬೆಸುಗೆಯ ಕಲಬೆರಕೆಯೂ ಸೇರಿದೆ. ಟಂಗ್‌ಸ್ಟನ್ ಎಂಬ ಅಗ್ಗದ ಲೋಹದ ಸಾಂದ್ರತೆಯೂ ಹೆಚ್ಚುಕಡಿಮೆ ಚಿನ್ನದಷ್ಟೇ ಇರುವುದರಿಂದ, ಅಕ್ಷರ ಓದದೆ ತಕ್ಕಡಿಯೊಂದನ್ನೇ ನಾನು ನಂಬುವುದಿಲ್ಲ.

ಮಿತ್ರರು ಬೆಸುಗೆ ತೆಗೆಸಲೇ ಎಂದು ಕೇಳಿದರು. ಅದೂ ಇರಲಿ, ನಿಮ್ಮ ಮನೆಯ ಹೆಣ್ಣುಮಕ್ಕಳು ಯಾರೋ ಅದನ್ನು ಕೊರಳಲ್ಲಿ ಧರಿಸಿದ್ದರಲ್ಲ ಎಂದೆ.