ಹಳೆ ಮನೆಯ ತೊಲೆಯಲ್ಲಿ ಶೇವ್ ಹಾರ್ಸ್: ನನ್ನ ಅನುಭವ

ಶೇವ್ ಹಾರ್ಸ್ ಅಂದರೆ ಮೇಲೆ ಕೂತು, ಕಾಲಲ್ಲಿ ಅದರ ತೋಳನ್ನು ತುಳಿದು ಮರವನ್ನು ಬಿಗಿಹಿಡಿದು, ಎರಡೂ ಕೈಯಲ್ಲಿ ಕೆತ್ತುವ ಮಣೆ. ಕೆಡವಿದ ಮನೆಯ ಮರದಲ್ಲಿ ಅದನ್ನು ಮಾಡುತ್ತೇನೆ ಎಂದಾಗ ನಮ್ಮೂರ ಬಡಗಿ ಆಚಾರ್ರು ನಕ್ಕಿದ್ದರು. "ಹೆಗಡೇರೆ, ಬಚ್ಚಲ ಒಲೆಗಾದ್ರೆ ಅಡ್ಡಿಲ್ಲ" ಎಂದರು. ಈ ಮಳೆಗಾಲ ಪೂರ್ತಿ ಅದರ ಮೇಲೆ ಕೂತು ಗುದ್ದಲಿ, ಕೊಡಲಿಗೆ ಕಾವು ಕೆತ್ತಿದ್ದೇನೆ. ಈಗ ಅವರೇ ತಮ್ಮ ಉಳಿಗೆ ಹಿಡಿ ಮಾಡಿಕೊಳ್ಳಲು ನಮ್ಮ ಕೊಟ್ಟಿಗೆಗೆ ಬರುತ್ತಾರೆ. ಬರೆಯಲು ಧೈರ್ಯ ಬಂದಿದ್ದು ಹಾಗೆ.

ಮರ ಸಿಕ್ಕಿದ್ದು ಶಿರಸಿ ಹತ್ತಿರದ ಒಂದು ಹಂಚಿನ ಮನೆಯಲ್ಲಿ. ನಂದಿ ಮರದ ಒಂದು ತೊಲೆ, ಮತ್ತಿ ಮರದ ನಾಲ್ಕೈದು ಪಕಾಸು (ಮಾಡಿನ ಇಳಿಜಾರು ಪಟ್ಟಿ), ಹಲಸಿನ ದಾರಂದದ (ಬಾಗಿಲ ಚೌಕಟ್ಟಿನ) ಒಂದು ತುಂಡು. ಎಲ್ಲ ಸೇರಿ ಎರಡು ಸಾವಿರದ ಆಸುಪಾಸು. ಗೂಡ್ಸ್ ರಿಕ್ಷಾಕ್ಕೆ ಐನೂರೋ ಆರುನೂರೋ ಕೊಟ್ಟ ನೆನಪು. ಕೈ ಕಚ್ಚಿದ್ದು ಮರವಲ್ಲ, ಮೊಳೆ. ಒಳಗೇ ಮುರಿದು ಕೂತ ಮೊಳೆಗೆ ತಾಗಿ ಸಾಮಿಲ್‌ನ ಬ್ಲೇಡಿನ ಹಲ್ಲು ಹೋಯಿತು. ಅದಕ್ಕೆ ದಂಡ ಸುಮಾರು ಸಾವಿರ. ಆಮೇಲೆ ಹಳೆ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಆಡಿಸಿದೆ. ಮೊಳೆ ಇದ್ದಲ್ಲಿ ದಾರ ವಾಲುತ್ತದೆ. ತೀರಾ ಆಳದ್ದು ಸಿಗುವುದಿಲ್ಲ, ಆದರೂ ಮುಕ್ಕಾಲು ಪಾಲು ಸಿಕ್ಕವು.

ಮೊದಲು ಮಾಡಿದ್ದು ಒಂಟಿ ತೋಳಿನದ್ದು. ಕೂರುವ ಹಲಗೆಯ ನಡುವೆ ಉದ್ದಕ್ಕೆ ಗಂಡಿ ಕೊರೆದು ತೋಳು ಇಳಿಸಿದ್ದೆ. ಜೋರಾಗಿ ತುಳಿದಾಗ ಹಳೆ ಮೊಳೆಯ ತೂತಿನಿಂದಲೇ ನಂದಿ ಹಲಗೆ ಸೀಳಿತು. ಹಳೆ ಮರಕ್ಕೆ ಒಂಟಿ ತೋಳು ಆಗಿಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲಿ ಏನು ತೂತಿದೆಯೋ ಗೊತ್ತಿರುವುದಿಲ್ಲ, ನಾವು ನಡುವೆಯೇ ಕೊರೆದು ಇನ್ನಷ್ಟು ಬಡವಾಗಿಸುತ್ತೇವೆ. ಹಾಗಾಗಿ ಎರಡು ತೋಳಿನದ್ದಕ್ಕೆ ಬಂದೆ. ಎರಡು ಮತ್ತಿ ಪಕಾಸು ಹಲಗೆಯ ಆಚೀಚೆ, ಮೇಲೆ ಹಲಸಿನ ಅಡ್ಡಪಟ್ಟಿ, ಕೆಳಗೆ ಕಾಲಿಡುವ ಪಟ್ಟಿ. ಹಲಗೆಗೆ ಗಂಡಿಯೇ ಬೇಡ.

ತೋಳು ಆಡುವುದಕ್ಕೆ ಅರ್ಧ ಇಂಚಿನ ಕಬ್ಬಿಣದ ಸರಳೇ ಪಿನ್ನು. ಪಿನ್ನಿನಿಂದ ಮೇಲಿನ ಅಡ್ಡಪಟ್ಟಿಗೆ ಎಂಟೊಂಬತ್ತು ಇಂಚು, ಕೆಳಗೆ ಕಾಲಿಡುವಲ್ಲಿಗೆ ಎರಡಡಿ ಹತ್ತಿರ. ಕೆಳಗೆ ಉದ್ದವಿದ್ದಷ್ಟು ಹಿಡಿತ ಜಾಸ್ತಿ. ತೀರಾ ಉದ್ದ ಮಾಡಿದರೆ ಕಾಲು ಚಾಚಿ ಚಾಚಿ ಸೊಂಟ ಹಿಡಿಯುತ್ತದೆ. ಅಡ್ಡಪಟ್ಟಿ ಚೌಕ ಇರಲಿ, ಅದರ ತೂತು ನಡುವೆ ಬೇಡ, ಒಂದು ಮೂಲೆಗೆ ಸರಿದಿರಲಿ. ತಿರುಗಿಸಿ ಹಾಕಿದರೆ ಬೇರೆ ಬೇರೆ ದಪ್ಪದ ಮರ ಹಿಡಿಯುತ್ತದೆ. ತೋಳಿನ ತೂತು ಎಷ್ಟು ಮುಂದಕ್ಕೆ ಇರಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಬಂದು ಕೂತು ನೋಡಿ, ಗೊತ್ತಾಗುತ್ತದೆ.

ಕಾಲು ಮೂರೇ. ನಮ್ಮ ಮಣ್ಣಿನ ನೆಲದಲ್ಲಿ ನಾಲ್ಕು ಕಾಲಿನದ್ದು ಯಾವತ್ತೂ ಕುಣಿಯುತ್ತದೆ. ಎತ್ತರ ಮೆಟ್ಟುಗತ್ತಿಗಿಂತ ತುಸು ಜಾಸ್ತಿ ಇಟ್ಟೆ. ಅಡಿಕೆ ಸುಲಿದು ಅಭ್ಯಾಸ ಇದ್ದವರಿಗೆ ಈ ಭಂಗಿ ಹೊಸತೇನಲ್ಲ.

ಆಷಾಢದಲ್ಲಿ ತೋಳು ಉಬ್ಬಿ ಪಿನ್ನಿಗೆ ಕಚ್ಚಿಕೊಂಡಿತು. ತೂತನ್ನು ಒಂದು ನೂಲು ದೊಡ್ಡ ಮಾಡಿ ಮೇಣದ ಬತ್ತಿ ಉಜ್ಜಿದೆ, ಅಷ್ಟೇ. ಹಸಿ ಮರವಾಗಿದ್ದರೆ ಬೇಸಿಗೆಯಲ್ಲಿ ಒಣಗಿ ಕಾಲುಗಳೇ ಸಡಿಲವಾಗುತ್ತಿದ್ದವು. ಎಷ್ಟೋ ವರ್ಷ ಅಟ್ಟದ ಹೊಗೆ ತಿಂದ ಮರಕ್ಕೆ ಸೊಟ್ಟಗಾಗುವ ಚಪಲ ಉಳಿದಿರುವುದಿಲ್ಲ.

ಕೆತ್ತಲು ಬೇಕಾದ ಡ್ರಾ ನೈಫ್ (ಎರಡೂ ತುದಿಗೆ ಹಿಡಿ ಇರುವ, ನಮ್ಮತ್ತ ಎಳೆಯುವ ಕತ್ತಿ) ಆನ್‌ಲೈನ್‌ನಲ್ಲಿ ಎರಡೂವರೆ ಸಾವಿರ ಹೇಳುತ್ತಿತ್ತು. ಗುಜರಿಯ ಲಾರಿ ಸ್ಪ್ರಿಂಗ್ ಪಟ್ಟಿ ಕೊಟ್ಟು ಕಮ್ಮಾರರಲ್ಲಿ ಮಾಡಿಸಿದೆ, ಏಳುನೂರರೊಳಗೆ ಮುಗಿಯಿತು. ಸುಮ್ನೆ ಅಡಿಕೆ ಮರ ಸೀಳಿದ ದಬ್ಬೆಯನ್ನೂ ಹಾಕಿ ಕೆತ್ತಿ ನೋಡಿದೆ. ನಾರು ಎದ್ದು ಕತ್ತಿ ಒಳಗೇ ಹೂತುಹೋಗುತ್ತದೆ. ಬುಡದಿಂದ ತುದಿಗೆ ಎಳೆದರೆ ಪರವಾಗಿಲ್ಲ, ಆದರೆ ಕೈಗೆ ಸಿಬರು ಗ್ಯಾರಂಟಿ. ಅಡ್ಡಪಟ್ಟಿಗೆ ಸೈಕಲ್ ಟ್ಯೂಬ್ ಸುತ್ತಿದ್ದು ಚೆನ್ನಾಗಿ ಹಿಡಿಯಿತು, ಬಿಳಿ ಮರದ ಮೇಲೆ ಕಪ್ಪು ಕಲೆಯನ್ನೂ ಬಿಟ್ಟಿತು. ಈಗ ಹಳೆ ಚಪ್ಪಲಿಯ ಚರ್ಮ ಅಂಟಿಸಿದ್ದೇನೆ.

ದಂಡ, ಸರಳು, ಕತ್ತಿ ಎಲ್ಲ ಸೇರಿ ಐದು ಸಾವಿರ ದಾಟಿಲ್ಲ. ಎರಡು ಪಕಾಸು ಇನ್ನೂ ಉಳಿದಿವೆ.