ಧಾರಾವಾಹಿಯ ಪರಿಣಾಮವನ್ನು ನಿಮ್ಮ ಬೀದಿಯಲ್ಲೇ ಅಳೆಯುವ ವಿಧಾನ

‘ದೂರದರ್ಶನ ವರವೋ ಶಾಪವೋ’ ಎಂಬ ಚರ್ಚಾಸ್ಪರ್ಧೆ ಚಿಕ್ಕಬಳ್ಳಾಪುರ ಸೀಮೆಯ ಶಾಲೆಗಳಲ್ಲಿ ನಾನು ಬಲ್ಲಂತೆ ಮೂವತ್ತು ವರ್ಷಗಳಿಂದ ನಡೆಯುತ್ತಲೇ ಇದೆ. ಪರವಾಗಿ ಮಾತನಾಡಿದ ಹುಡುಗನಿಗೂ ವಿರೋಧವಾಗಿ ಮಾತನಾಡಿದ ಹುಡುಗಿಗೂ ಸ್ಟೀಲ್ ಡಬ್ಬಿ ಬಹುಮಾನವಾಗಿ ಸಿಗುತ್ತದೆ. ಆದರೆ ತನ್ನ ಮನೆಯ ಟಿವಿ ಸಂಜೆ ಎಷ್ಟು ಗಂಟೆಗೆ ಶುರುವಾಗುತ್ತದೆ, ಅದರ ಮುಂದೆ ಯಾರು ಕೂರುತ್ತಾರೆ, ಕೂತವರ ಕೈ ಏನು ಮಾಡುತ್ತಿರುತ್ತದೆ ಎಂಬುದನ್ನು ವೇದಿಕೆಯ ಮೇಲೆ ಹೇಳಿದ ಮಗುವನ್ನು ನಾನು ಕಂಡಿಲ್ಲ. ಈ ಬರಹ ಆ ಕೊರತೆಯನ್ನು ತುಂಬಲು ಬಯಸುವವರಿಗೆ. ಒಂದು ಬೀದಿಯ ಹತ್ತು ಮನೆಗಳನ್ನು ನಾಲ್ಕು ವಾರ ಗಮನಿಸಿ, ಟಿವಿ ಮತ್ತು ರೇಡಿಯೋ ಅಲ್ಲಿನ ಬದುಕಿನಲ್ಲಿ ಏನನ್ನು ಅಲುಗಾಡಿಸಿವೆ ಎಂದು ಬರೆದಿಡುವ ಕೆಲಸವನ್ನು ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು, ಸ್ತ್ರೀಶಕ್ತಿ ಸಂಘದವರು ಯಾರು ಬೇಕಾದರೂ ಮಾಡಬಹುದು. ಇದಕ್ಕೆ ನೂರು ಪುಟದ ಒಂದು ನೋಟುಪುಸ್ತಕ ಮತ್ತು ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು.

ಮೊದಲು ಮನೆಗಳ ಆಯ್ಕೆ. ಹತ್ತೂ ಮನೆಗಳು ಒಂದೇ ಬಗೆಯವಾಗಿದ್ದರೆ ಬರೆದದ್ದೆಲ್ಲ ಒಂದೇ ರಾಗವಾಗುತ್ತದೆ. ರೇಷ್ಮೆ ಸಾಕುವ ಎರಡು ಮನೆ, ಹೂ ಕಟ್ಟಿ ಕೊಡುವ ಎರಡು ಮನೆ, ಸಂಬಳದ ಕೆಲಸದವರು, ಗಾರ್ಮೆಂಟ್ಸಿಗೆ ಬಸ್ಸು ಹತ್ತುವವರು, ವಯಸ್ಸಾದವರು ಇಬ್ಬರೇ ಇರುವ ಮನೆ, ಹೀಗೆ ಆರಿಸಿಕೊಳ್ಳಿ. ಬಾಗೇಪಲ್ಲಿ, ಚಿಂತಾಮಣಿ, ಗುಡಿಬಂಡೆ ಕಡೆಯವರಾದರೆ ತೆಲುಗು ಮನೆಮಾತಿನ ಮನೆಗಳನ್ನು ಖಂಡಿತ ಸೇರಿಸಬೇಕು, ಏಕೆಂದರೆ ಅಲ್ಲಿ ಅಜ್ಜಿ ತೆಲುಗು ವಾಹಿನಿಯನ್ನೂ ಸೊಸೆ ಕನ್ನಡ ವಾಹಿನಿಯನ್ನೂ ಬಯಸಿದಾಗ ರಿಮೋಟು ಯಾರ ಕೈಗೆ ಹೋಗುತ್ತದೆ ಎಂಬುದೇ ಒಂದು ಅಧ್ಯಾಯಕ್ಕೆ ಸಾಕಾಗುವ ವಿಷಯ. ಮನೆಯ ಹಿರಿಯರ ಒಪ್ಪಿಗೆ ಕೇಳಿ, ಪುಸ್ತಕದಲ್ಲಿ ಹೆಸರು ಬರೆಯದೆ ಒಂದನೆಯ ಮನೆ, ಎರಡನೆಯ ಮನೆ ಎಂದು ಸಂಖ್ಯೆಯಷ್ಟೇ ಹಾಕಿ. ಬೀದಿಯಲ್ಲಿ ಗುಟ್ಟು ಉಳಿಯುವುದಿಲ್ಲವೆಂಬುದು ನಿಜ. ಆದರೂ ಪುಸ್ತಕ ಯಾರದೋ ಕೈಗೆ ಸಿಕ್ಕಿದಾಗ ಸಂಖ್ಯೆಯಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಎರಡನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ, ನಾನೂ ಎಡವಿದ್ದೇನೆ. ಮೊದಲ ಸಲ ನಾನು ಇಪ್ಪತ್ತು ಪ್ರಶ್ನೆಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿಕೊಂಡು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ‘ಧಾರಾವಾಹಿ ನೋಡುತ್ತೀರಾ’ ಎಂಬ ಪ್ರಶ್ನೆಗೆ ಗಂಡಸರೆಲ್ಲ ‘ವಾರ್ತೆ ಮಾತ್ರ’ ಎಂದರು, ಹೆಂಗಸರು ‘ನಮಗೆಲ್ಲಿ ಪುರುಸೊತ್ತು’ ಎಂದರು. ಬಾಗಿಲ ಬಳಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದ ಅಜ್ಜಿಯೊಬ್ಬರು ‘ನಾನೆಲ್ಲಿ ನೋಡ್ತೀನಿ ಮೇಷ್ಟ್ರೇ, ಸುಮ್ನೆ ಕೇಳಿಸ್ಕೊಂತೀನಿ’ ಎಂದಾಗ ಪ್ರಶ್ನಾವಳಿಯನ್ನು ಮಡಚಿ ಚೀಲಕ್ಕೆ ಹಾಕಿ ಅವರ ಪಕ್ಕದಲ್ಲಿ ಕೂತೆ. ಓಡು ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಬೀಜ ಹಾರಿಸುವ ಆ ಕೆಲಸ ಅರ್ಧ ಗಂಟೆಯ ಉದ್ದಕ್ಕೂ ನಿಲ್ಲಲಿಲ್ಲ. ಅಷ್ಟರಲ್ಲಿ ಅವರು ತಲೆಯೆತ್ತಿ ಪರದೆಯನ್ನು ನೋಡಿದ್ದು ಹನ್ನೊಂದು ಸಲ, ಅದರಲ್ಲಿ ಒಂಬತ್ತು ಸಲ ಹಿನ್ನೆಲೆಯಲ್ಲಿ ‘ಢಂ’ ಎಂಬ ಸದ್ದು ಬಂದಾಗ. ಆದರೆ ಅತ್ತೆ ಯಾಕೆ ಸುಳ್ಳು ಹೇಳಿದಳು, ಪತ್ರ ಯಾರ ಬಳಿ ಇದೆ, ನಾಳೆ ಏನಾಗಬೇಕು ಎಂಬುದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಂದಿನಿಂದ ನನ್ನ ತಿಳಿವಳಿಕೆಯೇ ಬದಲಾಯಿತು. ದುಡಿಯುವ ಮನೆಯಲ್ಲಿ ಟಿವಿ ಎಂಬುದು ಬಹುಮಟ್ಟಿಗೆ ಚಿತ್ರವುಳ್ಳ ರೇಡಿಯೋ. ಧಾರಾವಾಹಿಯಲ್ಲಿ ಒಂದೇ ಸಂಗತಿಯನ್ನು ಮೂರು ಪಾತ್ರಗಳು ಮೂರು ಸಲ ಹೇಳುವುದನ್ನೂ, ಒಂದು ಮಾತಿಗೆ ಎಲ್ಲರ ಮುಖವನ್ನೂ ಸದ್ದಿನೊಡನೆ ತೋರಿಸುವುದನ್ನೂ ನಾವು ಗೇಲಿ ಮಾಡುತ್ತೇವಲ್ಲ, ಒಲೆಯ ಮುಂದೆಯೋ ಹೂವಿನ ಬುಟ್ಟಿಯ ಮುಂದೆಯೋ ಕೂತು ಕಿವಿಯಿಂದಲೇ ಕಥೆ ಹಿಡಿಯುವವರಿಗೆ ಆ ಪುನರುಕ್ತಿ ಬೇಕೇ ಬೇಕು. ಆದ್ದರಿಂದ ಕೇಳಬೇಡಿ, ಕೂರಿರಿ. ಕೂತಾಗ ನೀವೂ ಒಂದಿಷ್ಟು ಕಾಯಿ ಬಿಡಿಸಿ, ಇಲ್ಲವೇ ಹೂವಿನ ದಾರ ಹಿಡಿಯಿರಿ; ಸುಮ್ಮನೆ ಪೆನ್ನು ಹಿಡಿದು ಕೂತವರ ಮುಂದೆ ಯಾವ ಮನೆಯೂ ತನ್ನಷ್ಟಕ್ಕೆ ತಾನು ಇರುವುದಿಲ್ಲ. ಟಿಪ್ಪಣಿಯನ್ನು ಮನೆಗೆ ಬಂದು ಅದೇ ರಾತ್ರಿ ಬರೆಯಿರಿ, ಮರುದಿನಕ್ಕೆ ಬಿಟ್ಟರೆ ಅರ್ಧ ಕಟ್ಟುಕಥೆಯಾಗುತ್ತದೆ.

ಪುಸ್ತಕದಲ್ಲಿ ಪ್ರತಿ ಸಂಜೆಗೂ ಐದು ಅಂಕಣ ಎಳೆಯಿರಿ: ಗಂಟೆ, ಕೋಣೆಯಲ್ಲಿದ್ದವರು, ಅವರ ಕೈಯಲ್ಲಿದ್ದ ಕೆಲಸ, ರಿಮೋಟು ಹಿಡಿದವರು, ಜಾಹೀರಾತಿನ ಹೊತ್ತಿನಲ್ಲಿ ಆಡಿದ ಮಾತು. ಮೊದಲ ನಾಲ್ಕನ್ನು ಎರಡು ದಿನದಲ್ಲಿ ಕಲಿಯಬಹುದು. ಫಲ ಕೊಡುವುದು ಐದನೆಯದು. ಕಥೆ ನಡೆಯುವಾಗ ಮನೆ ಮೌನವಾಗಿರುತ್ತದೆ. ಜಾಹೀರಾತು ಬಂದೊಡನೆ ಒಬ್ಬರು ಅನ್ನಕ್ಕೆ ಇಡಲು ಏಳುತ್ತಾರೆ, ಇನ್ನೊಬ್ಬರು ‘ಆ ಸೊಸೆ ಮಾಡಿದ್ದೇ ಸರಿ’ ಎನ್ನುತ್ತಾರೆ, ಮೂರನೆಯವರು ಅದಕ್ಕೆ ತಮ್ಮ ನೆಂಟರ ಮನೆಯ ಉದಾಹರಣೆ ಕೊಡುತ್ತಾರೆ. ತನ್ನ ಮನೆಯ ಅತ್ತೆಯ ಬಗ್ಗೆ ನೇರವಾಗಿ ಹೇಳಲಾಗದ್ದನ್ನು ಸೊಸೆಯೊಬ್ಬಳು ಪರದೆಯ ಅತ್ತೆಯ ಮೇಲೆ ಹಾಕಿ ಹೇಳುವುದು ಈ ಎರಡು ನಿಮಿಷಗಳಲ್ಲೇ. ಆ ಮಾತನ್ನು ಅದರ ಧಾಟಿಯಲ್ಲೇ ಬರೆದುಕೊಳ್ಳಿ, ಗ್ರಾಂಥಿಕಕ್ಕೆ ತಿದ್ದಬೇಡಿ.

ಇದರ ಜತೆಗೆ ಜಾಹೀರಾತಿನ ಹೊತ್ತನ್ನೂ ಗಡಿಯಾರ ನೋಡಿ ಕೂಡಿಸಿ. 1994ರ ಕೇಬಲ್ ಟಿವಿ ನಿಯಮಗಳ ಪ್ರಕಾರ ಗಂಟೆಯೊಂದಕ್ಕೆ ಜಾಹೀರಾತು 12 ನಿಮಿಷ ಮೀರಬಾರದು. ಅದರಲ್ಲಿ ವ್ಯಾಪಾರದ ಜಾಹೀರಾತಿಗೆ 10 ನಿಮಿಷ, ವಾಹಿನಿಯ ಸ್ವಂತ ಪ್ರಚಾರಕ್ಕೆ 2 ನಿಮಿಷ. ಈ ಮಿತಿಯನ್ನು ಜಾರಿಗೆ ತರುವ ಪ್ರಯತ್ನದ ವಿರುದ್ಧ ವಾಹಿನಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು. ಅದೇನೇ ಇರಲಿ, ನಿಮ್ಮ ಲೆಕ್ಕ ನಿಮ್ಮ ಬಳಿ ಇರಬೇಕು.

ಇಷ್ಟೆಲ್ಲ ಏಕೆ, ಟಿಆರ್‌ಪಿ ಇದೆಯಲ್ಲ ಎಂದು ಯಾರಾದರೂ ಕೇಳುತ್ತಾರೆ. ಯಾವ ವಾಹಿನಿಗೆ ಎಷ್ಟು ನೋಡುಗರು ಎಂದು ಅಳೆಯುವ ಬಾರ್ಕ್ ಸಂಸ್ಥೆ 2015ರಿಂದ ಪ್ರಕಟಿಸುತ್ತಿರುವ ಈ ಅಂಕಿಗಳು ಆಯ್ದ ಮನೆಗಳಲ್ಲಿ ಇಟ್ಟ ಮೀಟರಿನಿಂದ ಬರುತ್ತವೆ. ಆ ಮೀಟರು ವಾಹಿನಿಯ ಧ್ವನಿಯಲ್ಲಿ ಹುದುಗಿಸಿದ, ಕಿವಿಗೆ ಕೇಳಿಸದ ಗುರುತನ್ನು ಹಿಡಿದು ಯಾವ ವಾಹಿನಿ ಓಡುತ್ತಿದೆ ಎಂದು ಹೇಳುತ್ತದೆ. ಜಾಹೀರಾತು ಮಾರುವವರಿಗೆ ಅಷ್ಟು ಸಾಕು. ಆದರೆ ಅಜ್ಜಿ ಹುಣಸೆ ಕುಟ್ಟುತ್ತಿದ್ದರು ಎಂಬುದಾಗಲಿ, ಮಗಳು ಪುಸ್ತಕ ತೆರೆದು ಅದೇ ಪುಟವನ್ನು ಇಪ್ಪತ್ತು ನಿಮಿಷ ನೋಡುತ್ತಿದ್ದಳು ಎಂಬುದಾಗಲಿ ಆ ಯಂತ್ರಕ್ಕೆ ತಿಳಿಯುವುದಿಲ್ಲ.

ಮೊದಲ ಎರಡು ವಾರ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮೂರನೆಯ ವಾರದಿಂದ ವ್ಯತ್ಯಾಸಗಳನ್ನು ಹುಡುಕಿ. ರೇಷ್ಮೆ ಮನೆಯಲ್ಲಿ ಇದಕ್ಕೆ ಒಳ್ಳೆಯ ಅವಕಾಶವಿದೆ: ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಮೇಲೆ ಹುಳುಗಳು ಸೊಪ್ಪನ್ನು ಬಕಾಸುರನಂತೆ ತಿನ್ನುತ್ತವೆ, ಸಂಜೆಯ ಸೊಪ್ಪು ಹಾಕುವ ಹೊತ್ತೂ ಧಾರಾವಾಹಿಯ ಹೊತ್ತೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆಗ ಸೊಪ್ಪು ಅರ್ಧ ಗಂಟೆ ತಡವಾಗುತ್ತದೋ, ಧಾರಾವಾಹಿ ತಪ್ಪುತ್ತದೋ, ಅಥವಾ ಹುಳದ ಮನೆಗೂ ಕೇಳುವಂತೆ ಟಿವಿಯ ಸದ್ದು ಏರುತ್ತದೋ ನೋಡಿ. ನಾನು ಕಂಡ ಎರಡು ಮನೆಗಳಲ್ಲಿ ಏರಿದ್ದು ಸದ್ದು. ಇನ್ನು ಕರೆಂಟು ಹೋದ ಸಂಜೆಯನ್ನು ‘ಇವತ್ತು ಕೆಲಸವಿಲ್ಲ’ ಎಂದು ಬಿಡಬೇಡಿ. ಟಿವಿ ಇಲ್ಲದ ಮನೆ ಹೇಗಿರುತ್ತದೆ ಎಂದು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ದಿನ ಸಿಗದು. ಜನ ಜಗಲಿಗೆ ಬಂದರೇ, ಮಾತು ಬೆಳೆಯಿತೇ, ಇಲ್ಲವೇ ಎಲ್ಲರೂ ಮೊಬೈಲ್ ಹಿಡಿದು ಮೂಲೆಗೊಬ್ಬರಾದರೇ ಎಂಬುದನ್ನು ಬರೆಯಿರಿ. ಹಿಂದೆ ಜನ ಜಗಲಿಗೆ ಬರುತ್ತಿದ್ದರು ಎಂಬ ನಮ್ಮ ನೆನಪಿಗೆ ಇವತ್ತಿನ ಸಾಕ್ಷ್ಯ ಒಪ್ಪದಿದ್ದರೆ ನೆನಪನ್ನು ಪಕ್ಕಕ್ಕಿಡಬೇಕು.

‘ಟಿವಿಯಿಂದ ಹೀಗಾಯಿತು’ ಎಂದು ಬರೆಯುವ ಮುನ್ನ ಕೈ ತಡೆಯಿರಿ. ನಮ್ಮ ಕಡೆಯ ಮದುವೆಗಳಲ್ಲಿ ಮೆಹೆಂದಿ, ಹಳದಿ ಬಟ್ಟೆಯ ಕುಣಿತ ಬಂದಿವೆ. ಹಿರಿಯರು ಇದನ್ನು ಧಾರಾವಾಹಿಯ ತಲೆಗೆ ಕಟ್ಟುತ್ತಾರೆ. ಇರಬಹುದು. ಆದರೆ ಬೀದಿಯಲ್ಲಿ ಇದನ್ನು ಮೊದಲು ಮಾಡಿದ ಮನೆ ಯಾವುದು, ಮಾಡಬೇಕೆಂದು ಹೇಳಿದವರು ಯಾರು, ಮದುವೆಯ ವಿಡಿಯೋದವರು ಸೂಚಿಸಿದರೇ, ಬೆಂಗಳೂರಿನ ನೆಂಟರೇ, ಫೋನಿನ ರೀಲ್ಸೇ ಎಂದು ಕನಿಷ್ಠ ಮೂವರನ್ನು ಬೇರೆಬೇರೆಯಾಗಿ ಕೇಳಿ. ಮೂವರೂ ಒಂದೇ ಮೂಲವನ್ನು ಹೇಳಿದರೆ ಮಾತ್ರ ಬರೆಯಿರಿ.

ಪರಿಣಾಮ ಕೆಟ್ಟದ್ದೇ ಆಗಿರುತ್ತದೆ ಎಂದು ಮೊದಲೇ ತೀರ್ಮಾನಿಸಿಕೊಂಡು ಹೋಗುವುದೂ ತಪ್ಪು. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಹಳ್ಳಿಗಳಿಗೆ ಕೇಬಲ್ ಟಿವಿ ಬಂದ ಬಳಿಕ ಹೆಂಡತಿಗೆ ಹೊಡೆಯುವುದು ಸರಿ ಎನ್ನುವ ಹೆಂಗಸರ ಸಂಖ್ಯೆ ಕಡಿಮೆಯಾದದ್ದನ್ನೂ, ಗಂಡುಮಗುವೇ ಬೇಕೆಂಬ ಹಂಬಲ ತಗ್ಗಿದ್ದನ್ನೂ ಗುರುತಿಸಿದರು. ಅವರು ಅಧ್ಯಯನಕ್ಕೆ ಆರಿಸಿಕೊಂಡ ರಾಜ್ಯಗಳಲ್ಲಿ ತಮಿಳುನಾಡು ಇತ್ತು, ಕರ್ನಾಟಕ ಇರಲಿಲ್ಲ. ಮತ್ತೊಂದು ಕಡೆ, 1984ರಲ್ಲಿ ದೂರದರ್ಶನ ಶುರುಮಾಡಿದ ‘ಹಮ್ ಲೋಗ್’ ಧಾರಾವಾಹಿಯಲ್ಲಿ ಎಲ್ಲವನ್ನೂ ನುಂಗಿಕೊಂಡು ಬದುಕುವ ತಾಯಿಯ ಪಾತ್ರವನ್ನು ‘ಹೀಗಿರಬಾರದು’ ಎಂಬುದಕ್ಕೆ ಮಾದರಿಯಾಗಿ ರೂಪಿಸಿದ್ದರು. ಪ್ರೇಕ್ಷಕರಲ್ಲಿ ಅನೇಕರು ಆಕೆಯನ್ನೇ ಆದರ್ಶವೆಂದು ಮೆಚ್ಚಿಕೊಂಡರು ಎಂದು ಅರವಿಂದ್ ಸಿಂಘಲ್ ಮತ್ತು ಎವರೆಟ್ ರೋಜರ್ಸ್ ಅವರ ಸಂಶೋಧನೆ ತೋರಿಸಿತು. ಕಥೆಗಾರ ಹೇಳಿದ್ದೊಂದು, ಮನೆ ಕೇಳಿಸಿಕೊಂಡದ್ದು ಇನ್ನೊಂದು. ಹಾಗಾಗಿ ನಿಮ್ಮ ಪುಸ್ತಕದಲ್ಲಿ ಕಥೆಯ ಸಾರಾಂಶಕ್ಕಿಂತ ಕೇಳಿದವರ ಮಾತಿಗೆ ಹೆಚ್ಚು ಪುಟ ಇರಲಿ.

ಬೆಳಗಿನ ಭವಿಷ್ಯ ಕಾರ್ಯಕ್ರಮಗಳಿಗೆ ಬೇರೆಯದೇ ಪರೀಕ್ಷೆ ಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದ್ದರು. ಅವರ ಜಿಲ್ಲೆಯವರಾದ ನಮಗೆ ಈ ಕೆಲಸ ಹೊಸದಾಗಬಾರದು. ಒಂದೇ ದಿನ, ಮೂರು ವಾಹಿನಿಗಳಲ್ಲಿ, ಒಂದೇ ರಾಶಿಗೆ ಹೇಳಿದ ಫಲವನ್ನು ಮೂರು ಸಾಲಿನಲ್ಲಿ ಬರೆಯಿರಿ. ಏಳು ದಿನ ಹೀಗೆ ಬರೆದು, ವಾರದ ಕೊನೆಗೆ ಆ ರಾಶಿಯವರೊಬ್ಬರಿಗೆ ತೋರಿಸಿ, ಯಾವುದು ನಡೆಯಿತು ಎಂದು ಅವರಿಂದಲೇ ಗುರುತು ಹಾಕಿಸಿ. ವಾದ ಬೇಡ, ಪಟ್ಟಿಯನ್ನು ಅವರ ಕೈಗೆ ಕೊಟ್ಟು ಸುಮ್ಮನಿರಿ.

ರೇಡಿಯೋ ಈಗ ಮನೆಯೊಳಗೆ ಕಡಿಮೆ. ಅದನ್ನು ಹುಡುಕಬೇಕಾದುದು ಆಟೋದಲ್ಲಿ, ಕ್ಷೌರದಂಗಡಿಯಲ್ಲಿ, ನೂಲು ಬಿಚ್ಚುವ ಘಟಕದ ಯಂತ್ರಗಳ ನಡುವೆ. ಅಲ್ಲಿ ಅರ್ಧ ಗಂಟೆ ನಿಂತು, ಹಾಡು ಬದಲಾದಾಗ ಕೆಲಸದ ವೇಗ ಬದಲಾಯಿತೇ, ನಿರೂಪಕರ ಮಾತಿಗೆ ಯಾರಾದರೂ ನಕ್ಕರೇ, ಆ ಮಾತು ಯಾವ ಊರಿನ ಕನ್ನಡ ಎಂಬಷ್ಟನ್ನೇ ಬರೆದುಕೊಳ್ಳಿ. ಕೊನೆಯ ಪ್ರಶ್ನೆ ಚಿಕ್ಕದಲ್ಲ. ನೆರೆಯ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲೇ ಹಳ್ಳಿಯವರು ‘ನಮ್ಮ ಧ್ವನಿ’ ಎಂಬ ಹೆಸರಿನಲ್ಲಿ ತಮ್ಮ ಮಾತಿನಲ್ಲೇ ಕಾರ್ಯಕ್ರಮ ಮಾಡಿ ಕೇಳಿಸಿದರು. ಆಗ ಇಂಥವರಿಗೆ ಬಾನುಲಿ ಪರವಾನಗಿ ಸಿಗುತ್ತಿರಲಿಲ್ಲ. 2002ರ ನೀತಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಅವಕಾಶ ಕೊಟ್ಟಿತು, ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ. ಅವರು ಕಾಯಲಿಲ್ಲ, ಊರಿನ ಕೇಬಲ್ ಟಿವಿಯ ತಂತಿಯಲ್ಲೇ ಧ್ವನಿಯನ್ನು ಕಳಿಸಿದರು. ಟಿವಿ ಪೆಟ್ಟಿಗೆಯಲ್ಲಿ ರೇಡಿಯೋ! ಹುಣಸೆಯ ಅಜ್ಜಿಗೆ ಇದನ್ನು ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ.

ಗಮನಿಸುವಾಗ ದೂರು ಕೊಡಲೇಬೇಕಾದ ದೃಶ್ಯ ಕಂಡರೆ ಗೊಣಗಿ ಬಿಡಬೇಡಿ. ವಾಹಿನಿ, ತಾರೀಖು, ಗಂಟೆ, ಕಾರ್ಯಕ್ರಮದ ಹೆಸರು, ದೃಶ್ಯದಲ್ಲಿ ನಡೆದದ್ದು, ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ಕೇಬಲ್ ಟಿವಿ ನಿಯಮಗಳ ಆರನೆಯ ನಿಯಮವು ಮೂಢನಂಬಿಕೆಯನ್ನು ಪ್ರೋತ್ಸಾಹಿಸುವುದನ್ನೂ ಹೆಂಗಸರನ್ನು ಹೀನವಾಗಿ ತೋರಿಸುವುದನ್ನೂ ನಿಷೇಧಿಸುತ್ತದೆ. ಯಾವುದು ಅನ್ವಯಿಸುತ್ತದೋ ಅದನ್ನು ಉಲ್ಲೇಖಿಸಿ. 2021ರ ತಿದ್ದುಪಡಿಯಂತೆ ದೂರು ಮೊದಲು ವಾಹಿನಿಗೇ ಹೋಗಬೇಕು, ಅದು 15 ದಿನದೊಳಗೆ ತನ್ನ ನಿರ್ಧಾರ ತಿಳಿಸಬೇಕು. ಉತ್ತರ ಸಮಾಧಾನ ತರದಿದ್ದರೆ ವಾಹಿನಿಗಳ ಸ್ವಯಂನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ‘ಸಂಸ್ಕೃತಿ ಹಾಳಾಗುತ್ತಿದೆ’ ಎಂಬ ವಾಕ್ಯವನ್ನು ದೂರಿನಿಂದ ದಯವಿಟ್ಟು ತೆಗೆದುಹಾಕಿ. ಅದಕ್ಕೆ ಉತ್ತರ ಕೊಡುವುದು ಅವರಿಗೆ ಬಹಳ ಸುಲಭ.

ನಾಲ್ಕು ವಾರ ಮುಗಿದ ಮೇಲೆ ಹತ್ತೂ ಮನೆಯವರನ್ನು ಶಾಲೆಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಸೇರಿಸಿ, ಸಂಖ್ಯೆಯ ಹೆಸರಿನಲ್ಲೇ ಟಿಪ್ಪಣಿ ಓದಿ. ಸಭೆ ಧಾರಾವಾಹಿಯ ಹೊತ್ತಿಗೆ ಮುಂಚೆ ಮುಗಿಯುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಗಂಡಸರು ಮಾತ್ರ ಉಳಿಯುತ್ತಾರೆ. ಯಾರಾದರೂ ‘ಅದು ಹಾಗಲ್ಲ’ ಎಂದರೆ ಅವರ ತಿದ್ದುಪಡಿಯನ್ನು ಅದೇ ಪುಟದ ಅಂಚಿನಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ, ಮೊದಲು ಬರೆದದ್ದನ್ನು ಹೊಡೆದುಹಾಕಬೇಡಿ. ಪುಸ್ತಕದ ಅರ್ಧ ಪುಟಗಳನ್ನು ಖಾಲಿ ಬಿಟ್ಟಿರಬೇಕು. ಹುಣಸೆ ಕಾಲ ಕಳೆದು ಕೈಯ ಕೆಲಸ ಬದಲಾದಾಗ ಅವೇ ಮನೆಗಳಿಗೆ ಮತ್ತೊಮ್ಮೆ ಹೋಗಲು ಅವು ಬೇಕಾಗುತ್ತವೆ.