ಹನ್ನೊಂದರ ಲೆಕ್ಕ, ಹತ್ತೊಂಬತ್ತು ನಿಮಿಷದ ಜ್ಯಾಮ್

ಕಳೆದ ಡಿಸೆಂಬರ್‌ನಲ್ಲಿ ಇಂದಿರಾನಗರದ ಒಂದು ಪಬ್‌ನಲ್ಲಿ ನಮ್ಮ ರಾಕ್ ಬ್ಯಾಂಡಿನವರು ಒಂದೇ ಹಾಡನ್ನು ಬೆಳೆಸುತ್ತಾ 19 ನಿಮಿಷ ನುಡಿಸಿದೆವು. ಯಾರೂ ಎದ್ದು ಹೋಗಲಿಲ್ಲ. "ಬೆಂಗಳೂರಲ್ಲಿ ಇದೆಲ್ಲ ನಡೆಯಲ್ಲ ಮಗಾ, ಐದು ನಿಮಿಷ ದಾಟಿದ್ರೆ ಜನ ಬಿಲ್ ಕೇಳ್ತಾರೆ" ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದವರಲ್ಲಿ ಇಬ್ಬರು ಅವತ್ತು ಮುಂದಿನ ಟೇಬಲ್‌ನಲ್ಲೇ ಕೂತಿದ್ದರು. ಹೇಗೆ ಮಾಡಿದಿರಿ ಅಂತ ಆಮೇಲೆ ಕೇಳಿದವರೂ ಅವರೇ.

ಹಾಡು ಆಲ್‌ಮನ್ ಬ್ರದರ್ಸ್ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ವಿಪ್ಪಿಂಗ್ ಪೋಸ್ಟ್. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ಧ್ವನಿಮುದ್ರಣ ಆಗಿದ್ದು, ಹತ್ತಿರ ಹತ್ತಿರ 23 ನಿಮಿಷ. ನನ್ನ ಅಣ್ಣನ ಹತ್ತಿರ ಅದು ಕ್ಯಾಸೆಟ್‌ನಲ್ಲಿತ್ತು. ಹಾಡು ಮುಗಿಯೋ ಮೊದಲೇ ಟೇಪ್ ಮುಗಿಯುತ್ತಿತ್ತು. ಅದರ ಕೊನೆ ಕೇಳಬೇಕಾದರೆ ನಾನು ಇಂಜಿನಿಯರಿಂಗ್ ಮೂರನೇ ವರ್ಷಕ್ಕೆ ಬರಬೇಕಾಯಿತು.

ಮೊದಲ ಎರಡು ವರ್ಷ ದುಡ್ಡು ಸುರಿದದ್ದೇ ಬಂತು. ಜ್ಯಾಮ್ ರೂಮಿಗೆ ಗಂಟೆಗೆ 500, ವಾರಕ್ಕೆ ಮೂರು ಗಂಟೆ. ಲೆಕ್ಕ ಹಾಕಿದರೆ ಸುಮಾರು 1.5 ಲಕ್ಷ ಹೋಗಿದೆ. ನಾವು ಮಾಡುತ್ತಿದ್ದದ್ದು ಇಷ್ಟೇ: ನನ್ನ ಸೋಲೋ, ಆಮೇಲೆ ಇನ್ನೊಬ್ಬ ಗಿಟಾರ್‌ನವನ ಸೋಲೋ, ಆಮೇಲೆ ಕೀಬೋರ್ಡ್. ಒಬ್ಬ ನುಡಿಸುವಾಗ ಉಳಿದವರು ಸರದಿಗೆ ಕಾಯುತ್ತಿದ್ದೆವು. ಅದೇ ಲೆಕ್ಕದಲ್ಲಿ ಒಂದು ಪಬ್‌ನಲ್ಲಿ ನುಡಿಸಿದೆವು. 9ನೇ ನಿಮಿಷಕ್ಕೆ ಮ್ಯಾನೇಜರ್ ದೂರದಿಂದ ಕೈ ಅಡ್ಡ ಆಡಿಸಿದರು, ಮುಗಿಸಿ ಅಂತ. 12,000 ಮಾತಾಡಿದ್ದರು, 8,000 ಕೊಟ್ಟರು. ಆಂಪ್ ಬಾಡಿಗೆ, ಆಟೋ ಸೇರಿ 3,500 ಕಳೆದರೆ ಐದು ಜನಕ್ಕೆ ಏನು ಉಳೀತು ನೀವೇ ನೋಡಿ.

ಆಮೇಲೆ ಒಂದು ತಿಂಗಳು ಗಿಟಾರ್ ಮುಟ್ಟದೆ ಸುಮ್ನೆ ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡ್ ಕೇಳಿದೆ. ಆಗ ಗೊತ್ತಾಯಿತು, ಅಲ್ಲಿ ಯಾರೂ ಸರದಿಗೆ ಕಾಯುತ್ತಿಲ್ಲ. ಅವರ ಗಿಟಾರಿಸ್ಟ್ ಡ್ವೇನ್ ಆಲ್‌ಮನ್ ನುಡಿಸುವಾಗ ಬೆರ್ರಿ ಓಕ್ಲಿಯ ಬೇಸ್ ಮೂರನೇ ಗಿಟಾರ್ ಥರ ಓಡಾಡುತ್ತೆ. ಹಾಡಿನ ನಡುವೆ ಒಂದು ಕಡೆ ತಾಳವನ್ನೇ ಬಿಟ್ಟು ಎಲ್ಲರೂ ಪಿಸುಮಾತಿಗೆ ಇಳಿಯುತ್ತಾರೆ. ಆ ಜಾಗದಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತೆ. ನಾವು ಆ ಜಾಗವನ್ನೇ "ಬೋರ್ ಆಗುತ್ತೆ" ಅಂತ ಕತ್ತರಿಸಿ ಹಾಕಿದ್ದೆವು!

ಇನ್ನೊಂದು ತಾಪತ್ರಯ ಹಾಡಿನ ಶುರುವಿನ ಹನ್ನೊಂದರ ಲೆಕ್ಕ, ಅಂದರೆ ಸುತ್ತಿಗೆ ಹನ್ನೊಂದು ಪೆಟ್ಟು. ನಮ್ಮ ಡ್ರಮ್ಮರ್ ಒಂದರಿಂದ ಹನ್ನೊಂದು ಎಣಿಸುತ್ತಾ ಪ್ರತಿ ಸಲ ಏಳರ ಹತ್ತಿರ ಜಾರುತ್ತಿದ್ದ. ಮಲ್ಲೇಶ್ವರದಲ್ಲಿ ನಮ್ಮ ಮನೆ ಮೇಲೆ ಬಾಡಿಗೆಗಿರುವ ಮೃದಂಗದ ಮೇಷ್ಟ್ರು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು. "ಏನಪ್ಪಾ, ಇದು ಹನ್ನೊಂದಲ್ವಾ? ತಕಿಟ ತಕಿಟ ತಕಿಟ ತಕ. ಯಾಕೆ ಒದ್ದಾಡ್ತೀರಿ?" ಅಷ್ಟೇ. ಎರಡು ವರ್ಷದ ಗಂಟು ಹತ್ತು ಸೆಕೆಂಡಿನಲ್ಲಿ ಬಿಚ್ಚಿತು. ಹಾಡು ಬರೆದ ಗ್ರೆಗ್ ಆಲ್‌ಮನ್‌ಗೂ ಅದು ಹನ್ನೊಂದು ಅಂತ ಗೊತ್ತಿರಲಿಲ್ಲವಂತೆ. ಮೂರು ಮೂರು ಮೂರು, ಆಮೇಲೆ ಮುಂದಿನ ಸುತ್ತಿಗೆ ಹಾರೋಕೆ ಎರಡು, ಅಂತಲೇ ಅವರೂ ಹಿಡಿದಿದ್ದರು. ಅದು ಹನ್ನೊಂದು ಅಂತ ಹೇಳಿದ್ದು ಅವರ ಅಣ್ಣ ಡ್ವೇನ್.

ಅಲ್ಲಿಂದ ನನ್ನ ತಲೆಗೆ ಬಂದದ್ದು, ಎರಡನೇ ಡ್ರಮ್ಮರ್ ಜಾಗಕ್ಕೆ ಮೇಷ್ಟ್ರನ್ನೇ ಕರೆದರೆ? ಆಲ್‌ಮನ್ಸ್‌ಗೆ ಇಬ್ಬರು ಡ್ರಮ್ಮರ್, ಗ್ರೇಟ್‌ಫುಲ್ ಡೆಡ್ ಅನ್ನೋ ಇನ್ನೊಂದು ಅಮೆರಿಕನ್ ಬ್ಯಾಂಡಿಗೂ ಇಬ್ಬರು. ನಮಗೆ ಇನ್ನೊಂದು ಡ್ರಮ್ ಕಿಟ್ ತರಲು ಸಲಕ್ಕೆ 2,500 ಬಾಡಿಗೆ. ಸ್ಟೇಜ್ ಮೇಲೆ ಜಾಗವೂ ಇಲ್ಲ. "ಫ್ಯೂಷನ್ ಆಗಿಬಿಡುತ್ತೆ, ಬೇಡ" ಅಂತ ಬ್ಯಾಂಡಿನವರೇ ಅಡ್ಡ ನಿಂತರು. ನಾನು ಬಿಡಲಿಲ್ಲ. ಡೆಡ್‌ನ ಡ್ರಮ್ಮರ್ ಮಿಕಿ ಹಾರ್ಟ್ 1976ರಲ್ಲೇ ಜಾಕಿರ್ ಹುಸೇನ್ ಜೊತೆ ದಿಗಾ ಅಂತ ರೆಕಾರ್ಡ್ ಮಾಡಿದ್ದಾರೆ. ಅವರ ಪ್ಲಾನೆಟ್ ಡ್ರಮ್ ಆಲ್ಬಮ್‌ನಲ್ಲಿ ನಮ್ಮ ವಿಕ್ಕು ವಿನಾಯಕರಾಮ್ ಅವರ ಘಟ ಇದೆ, ಅದಕ್ಕೆ ಗ್ರ್ಯಾಮಿಯೂ ಬಂತು. ಅವರಿಗೆ ಆಗುವುದು ನಮಗೆ ಯಾಕಾಗಲ್ಲ?

ಮೇಷ್ಟ್ರು ಒಪ್ಪಿದರು. ತನಿ ಆವರ್ತನ, ಅಂದರೆ ಮೃದಂಗದ ಸೋಲೋ, ಇಲ್ಲ ಅಂತ ಮೊದಲೇ ಮಾತಾಯಿತು. ಮೈಕ್ ಮಾತ್ರ ಜೀವ ತಿಂತು. ಬೇಸ್ ಆಂಪಿನ ಸದ್ದೆಲ್ಲ ಮೃದಂಗದ ಮೈಕ್‌ಗೆ ನುಗ್ಗಿ ಒಂದೇ ಗುಂಯ್ ಅನ್ನುತ್ತಿತ್ತು. ಕ್ಲಿಪ್ ಮೈಕ್‌ಗೆ 6,000 ಕೊಟ್ಟೆವು. ತೊಪ್ಪಿ, ಅಂದರೆ ಮೃದಂಗದ ಎಡ ಮುಖದ, ಕಡೆಯ ಕೆಳಗಿನ ಸದ್ದನ್ನು 100 ಹರ್ಟ್ಜ್ ಹತ್ತಿರ ಕತ್ತರಿಸಿ, ಬೇಸ್ ಆಂಪನ್ನು ಸ್ಟೇಜಿನ ಇನ್ನೊಂದು ತುದಿಗೆ ತಳ್ಳಿದ ಮೇಲೆ ಸರಿಹೋಯಿತು.

ಆಮೇಲೆ ಆರು ತಿಂಗಳು ಸೋಲೋ ಬಂದ್. ಯಾರೇ ಆಗಲಿ ಚಿಕ್ಕ ಮಾತು ಹೇಳಿ ಜಾಗ ಬಿಡಬೇಕು. ಪಕ್ಕದವನು ಕೇಳಿಸದೆ ಹೋದರೆ ನೀನು ಜಾಸ್ತಿ ನುಡಿಸುತ್ತಿದ್ದೀಯ ಅಂತ ಅರ್ಥ. ಪ್ರತಿ ಪ್ರಾಕ್ಟೀಸನ್ನೂ ಫೋನಿನಲ್ಲಿ ಹಿಡಿದು ಮಾರನೇ ದಿನ ಮೆಟ್ರೋದಲ್ಲಿ ಕೇಳುತ್ತಿದ್ದೆ. ಇದು ಡೆಡ್ ಅಭಿಮಾನಿಗಳಿಂದ ಕಲಿತದ್ದು. ತಮ್ಮ ಕಾರ್ಯಕ್ರಮವನ್ನು ಜನ ಟೇಪ್ ಮಾಡಿಕೊಳ್ಳಲು ಡೆಡ್ ಬ್ಯಾಂಡಿನವರು ಬಿಡುತ್ತಿದ್ದರು, 1984ರಿಂದ ಅದಕ್ಕೇ ಬೇರೆ ಜಾಗವನ್ನೂ ಕೊಟ್ಟರು. ಹಾಗಾಗಿ ಒಂದೇ ಹಾಡನ್ನು ಅವರು ಹತ್ತು ರಾತ್ರಿ ಹತ್ತು ಥರ ನುಡಿಸಿದ್ದನ್ನು ಇವತ್ತು ನಾವು ಕೂತು ಕೇಳಬಹುದು. ನಮ್ಮ ಬೇಸ್ ಹುಡುಗನಿಗೆ ನಾನು ಡೆಡ್‌ನ ಬೇಸ್ ವಾದಕ ಫಿಲ್ ಲೆಶ್ ಅವರನ್ನು ಕೇಳಿಸಿದೆ. ಟ್ರಂಪೆಟ್ ನುಡಿಸುತ್ತಿದ್ದ ಮನುಷ್ಯ, ಬೇಸ್ ಕೈಗೆತ್ತಿಕೊಂಡದ್ದೇ ಬ್ಯಾಂಡ್ ಸೇರಿದ ಮೇಲೆ. ಅದಕ್ಕೇ ಅವರ ಬೇಸ್ ಯಾವತ್ತೂ ಬೇಸ್ ಥರ ಕೂತಿರಲ್ಲ. ಹುಡುಗ ಅವತ್ತಿಂದ ಬದಲಾದ.

ನಡುವೆ ನನಗೆ ಸ್ಲೈಡ್ ಹುಚ್ಚು ಹಿಡಿಯಿತು, ಅಂದರೆ ಬೆರಳಿಗೆ ಕೊಳವೆ ಹಾಕಿಕೊಂಡು ತಂತಿ ಮೇಲೆ ಜಾರಿಸಿ ನುಡಿಸೋದು. ಡ್ವೇನ್ ನುಡಿಸುತ್ತಿದ್ದದ್ದು ಕೊರಿಸಿಡಿನ್ ಮಾತ್ರೆಯ ಗಾಜಿನ ಬಾಟಲಿಯಲ್ಲಿ. ಅದು ಇಲ್ಲಿ ಎಲ್ಲಿ ಸಿಗಬೇಕು? ಹೋಮಿಯೋಪತಿ ಬಾಟಲಿಗೆ ಬೆರಳು ಹೋಗಲಿಲ್ಲ, ಕೆಮ್ಮಿನ ಔಷಧಿಯದ್ದು ಸಡಿಲ. ಅಂಗಡಿಯಲ್ಲಿ 900 ಕೊಟ್ಟು ತಂದದ್ದು ಭಾರವಾಯಿತು. ಕೊನೆಗೆ ವೈನ್ ಬಾಟಲಿಯ ಕತ್ತು ಕತ್ತರಿಸಿದೆ. ಆರೋ ಏಳೋ ಒಡೆದವು. ಉಳಿದ ಒಂದನ್ನು ಎಮರಿ ಪೇಪರ್‌ನಲ್ಲಿ ನೀರು ಹಾಕಿ ಎರಡು ಸಂಜೆ ತಿಕ್ಕಿದೆ. ಉಂಗುರದ ಬೆರಳಿಗೆ ಹೇಳಿ ಮಾಡಿಸಿದ ಹಾಗಿದೆ. ಈ ಹಾಡಿಗೆ ಅದು ಬೇಕಿಲ್ಲ, ಆದರೂ ಜೇಬಿನಲ್ಲೇ ಇರುತ್ತೆ.

ಡಿಸೆಂಬರ್‌ನ ಆ ರಾತ್ರಿ 11ನೇ ನಿಮಿಷದ ಹತ್ತಿರ ನಾವು ತಾಳ ಬಿಟ್ಟೆವು. ಅಡುಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದೂ ಸ್ಟೇಜ್‌ಗೆ ಕೇಳಿಸಿತು. ನಾನು ಒಂದೇ ಸ್ವರ ಹಿಡಿದು ವಾಲ್ಯೂಮ್ ಗುಂಡಿಯನ್ನು ಕಿರುಬೆರಳಲ್ಲಿ ತಿರುಗಿಸುತ್ತಿದ್ದೆ. ಮೇಷ್ಟ್ರು ತೊಪ್ಪಿಯ ಮೇಲೆ ಅಂಗೈ ಒತ್ತಿ, ಬೆರಳ ತುದಿಯಲ್ಲಿ ತಕಿಟ ಶುರು ಮಾಡಿದರು. ಡ್ರಮ್ಮರ್ ಬರೀ ಸಿಂಬಲ್‌ನಲ್ಲಿ ಸೇರಿಕೊಂಡ. ಅಲ್ಲಿಂದ ಹನ್ನೊಂದಕ್ಕೆ ಆರೂ ಜನ ಒಟ್ಟಿಗೆ ಬಿದ್ದಾಗ ಇಡೀ ಪಬ್ ಕೂಗಿತು. ವಾಪಸ್ ಬೀಳುವ ಸನ್ನೆ ಯಾರು ಕೊಡುತ್ತಾರೆ, ಹೇಗೆ ಕೊಡುತ್ತಾರೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಮುಂದಿನ ಟೇಬಲ್‌ನವರಿಗೂ ಹೇಳಿಲ್ಲ. ಈ ಊರಲ್ಲಿ ಈ ಹಾಡನ್ನು ಇಷ್ಟು ಬಿಗಿಯಾಗಿ ನುಡಿಸಿದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

18,000 ಪೂರ್ತಿ ಕೈಗೆ ಬಂತು, ಮುಂದಿನ ತಾರೀಕೂ ಸಿಕ್ಕಿತು. ಈಗ ಡೆಡ್‌ನ ಡಾರ್ಕ್ ಸ್ಟಾರ್ ಹಿಡಿದಿದ್ದೇವೆ, 1969ರ ಫಿಲ್‌ಮೋರ್ ವೆಸ್ಟ್‌ನದ್ದು. ಮೊದಲ ಸಲ ಕೇಳಿದಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡು "ಹರಿಕಾಂಭೋಜಿ ರಾಗದ ಥರ ಇದೆಯಲ್ಲಪ್ಪಾ" ಅಂದರು. ಹೋದ ಭಾನುವಾರ 14 ನಿಮಿಷದವರೆಗೆ ಬಂದಿದ್ದೇವೆ.